ಕಾರು ಬಿಸಿಯಾಗುತ್ತಿದ್ದರೆ ಹೆಡ್ ಬಿಚ್ಚಿಸುವ ಮುನ್ನ

ಎಂಜಿನ್ ಬಿಸಿಯಾಗುವ ಹಳೆಯ ಕಾರನ್ನು ರಿಪೇರಿಗೆ ಬಿಡುವವರಲ್ಲಿ ನನ್ನದೊಂದು ವಿನಂತಿ. ಕಾರು ಯಾವಾಗ ಬಿಸಿಯಾಗುತ್ತದೆ, ನಿಂತಾಗಲೋ ಓಡುವಾಗಲೋ ಎಂದು ಕೇಳದ ಗ್ಯಾರೇಜಿನಲ್ಲಿ ಹೆಡ್ (ಎಂಜಿನ್ನಿನ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಲೋಹದ ಭಾಗ) ಬಿಚ್ಚಲು ಒಪ್ಪಿಗೆ ಕೊಡಬೇಡಿ. ನಮ್ಮ ಮನೆಯ ಕಾರಿನ ವಿಷಯದಲ್ಲಿ ಈ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಹೋದುದರಿಂದ, ಚೆನ್ನಾಗಿಯೇ ಇದ್ದ ಹೆಡ್ಡನ್ನು ಬಿಚ್ಚಿ, ಅದರಡಿ ಸೋರದಂತೆ ಕೂರಿಸುವ ತೆಳು ಹಾಳೆಯಾದ ಗ್ಯಾಸ್ಕೆಟ್ ಬದಲಿಸಿ, ದೊಡ್ಡ ಮೊತ್ತದ ಬಿಲ್ ಕಟ್ಟಿಸಿಕೊಂಡ ಮೇಲೂ ತೊಂದರೆ ಇದ್ದಲ್ಲೇ ಇತ್ತು.

ನಮ್ಮದು ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು. ಬಳ್ಳಾರಿಯಿಂದ ಹೊಸಪೇಟೆ ಮಾರ್ಗವಾಗಿ ಕೊಪ್ಪಳಕ್ಕೆ ಆಗಾಗ ಹೋಗಿಬರುತ್ತದೆ. ಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡು ತೋರಣಗಲ್ಲು ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಊರೊಳಗೆ ನಿಧಾನವಾಗಿ ಓಡಿಸಿದರೆ ಮುಳ್ಳು ಮಧ್ಯದಲ್ಲೇ ನಿಂತಿರುತ್ತಿತ್ತು. ತೋರಿಸಿದ ಗ್ಯಾರೇಜಿನವರು ಮೊದಲು, ಎಂಜಿನ್ ಕಾಯುವವರೆಗೆ ತಂಪು ದ್ರವದ ಹರಿವನ್ನು ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕಿದರು. "ನಮ್ಮ ಬಿಸಿಲಿಗೆ ಇದು ಬೇಕಾಗಿಲ್ಲ ಸಾರ್, ತೆಗೆದರೆ ಎಂಜಿನ್ ತಂಪಾಗಿರುತ್ತೆ" ಎಂಬುದು ಅವರ ವಿವರಣೆ. ಆಮೇಲೆ ಫ್ಯಾನನ್ನು ಡೈರೆಕ್ಟ್ ಮಾಡಿದರು, ಅಂದರೆ ಕೀ ತಿರುಗಿಸಿದೊಡನೆ ಅದು ಸದಾ ತಿರುಗುತ್ತಲೇ ಇರುವಂತೆ ವೈರ್ ಜೋಡಿಸಿದರು. ಕೊನೆಗೆ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಚೆಲ್ಲಿ, ಅಂಗಳದ ನಲ್ಲಿಯಿಂದ ಬೋರ್ ನೀರು ತುಂಬಿಸಿ ಕಳುಹಿಸಿದರು. ಹೆದ್ದಾರಿಯಲ್ಲಿ ಮುಳ್ಳು ಮತ್ತೆ ಏರಿದಾಗ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ಅದು ಹೋಗಿದೆ ಎಂಬುದಕ್ಕೆ ಒಂದು ಪರೀಕ್ಷೆಯನ್ನೂ ಮಾಡಿ ತೋರಿಸಲಿಲ್ಲ, ತೆಗೆದ ಹಳೆಯ ಗ್ಯಾಸ್ಕೆಟ್ಟನ್ನೂ ನಮಗೆ ಕೊಡಲಿಲ್ಲ.

ನಿಜವಾದ ಕಾರಣ ಗೊತ್ತಾದದ್ದು ರೇಡಿಯೇಟರ್ (ಕೂಲಂಟಿನ ಶಾಖವನ್ನು ಗಾಳಿಗೆ ಬಿಡುವ ಭಾಗ) ಕೆಲಸವನ್ನಷ್ಟೇ ಮಾಡುವ ಒಬ್ಬ ಹಿರಿಯರ ಅಂಗಡಿಯಲ್ಲಿ. ಅವರು ರೇಡಿಯೇಟರನ್ನು ಕೆಳಗಿಳಿಸಿ ಬೆಳಕಿಗೆ ಎದುರಾಗಿ ಹಿಡಿದರು. ರೇಡಿಯೇಟರಿನ ಮುಂದೆಯೇ ಇರುವ ಎ.ಸಿ. ಕಂಡೆನ್ಸರಿಗೆ (ಎ.ಸಿ.ಯ ಶಾಖ ಹೊರಬಿಡುವ ಜಾಲರಿ) ಎದುರಾಗಿರುವ ಬದಿಯಲ್ಲಿ, ತೆಳು ರೆಕ್ಕೆಗಳ ನಡುವೆ, ಅದಿರು ಲಾರಿಗಳ ಕೆಂಪು ಧೂಳು ಮತ್ತು ಹತ್ತಿಯ ಎಳೆ ಸೇರಿ, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗಿ ಗಟ್ಟಿಯಾಗಿ ಕೂತಿದ್ದವು. ಕೆಳಭಾಗದಲ್ಲಿ ಒಂದು ಕಿಂಡಿಯಿಂದಲೂ ಬೆಳಕು ತೂರುತ್ತಿರಲಿಲ್ಲ. ಕಂಡೆನ್ಸರ್ ಅಡ್ಡವಿರುವುದರಿಂದ ಬಾನೆಟ್ ತೆರೆದು ಮುಂದಿನಿಂದ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಬಳಿಕ ಅವರು ಮೇಲಿನ ಬಾಯಿಗೆ ನೀರು ಸುರಿದರು. ಕೆಳಗಿನ ಬಾಯಿಂದ ಧಾರೆಯಾಗಿ ಬೀಳಬೇಕಾದ ನೀರು ಸಣ್ಣಗೆ ಸೋರಿತು. ಒಳಕೊಳವೆಗಳಲ್ಲೂ ಬಿಳಿ ಪೊರೆ ಕಟ್ಟಿತ್ತು.

ಈ ಪೊರೆ ಸ್ನಾನದ ನೀರು ಕಾಯಿಸುವ ಕಾಯಿಲ್ ಮೇಲೆ ಕೂರುವಂಥದ್ದೇ. ನಮ್ಮ ಕಡೆಯ ಬೋರ್ ನೀರು ಬಹುತೇಕ ಗಡಸು. ಬಿಸಿಯಾದಂತೆಲ್ಲ ಅದರಲ್ಲಿನ ಸುಣ್ಣದ ಅಂಶ ಕೊಳವೆಯ ಗೋಡೆಗೆ ಹತ್ತುತ್ತದೆ. ಆದ್ದರಿಂದ ಕೂಲಂಟಿಗೆ ಡಿಸ್ಟಿಲ್ಡ್ ವಾಟರನ್ನೇ ಬೆರೆಸಿ. ಸಾಮಾನ್ಯವಾಗಿ ಎರಡೂ ಅರ್ಧರ್ಧ ಪಾಲು. ಬ್ಯಾಟರಿ ಅಂಗಡಿಗಳಲ್ಲಿ ಡಿಸ್ಟಿಲ್ಡ್ ವಾಟರ್ ಕಡಿಮೆ ಬೆಲೆಗೆ ಸಿಗುತ್ತದೆ.

ಯಾವಾಗ ಬಿಸಿಯಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ಬೆಲೆ ಏಕೆಂದರೆ, ಉತ್ತರದಲ್ಲೇ ಅರ್ಧ ರೋಗ ಪತ್ತೆಯಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ವೇಗವಾಗಿ ಓಡಿಸಿದಾಗ ಇಳಿದರೆ ಮೊದಲು ಫ್ಯಾನ್, ಅದರ ರಿಲೇ, ಫ್ಯೂಸ್ ಮತ್ತು ಸ್ವಿಚ್ ನೋಡಬೇಕು, ಏಕೆಂದರೆ ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಮ್ಮ ಕಾರಿನ ಹಾಗೆ ಊರೊಳಗೆ ಸರಿಯಿದ್ದು ಹೆದ್ದಾರಿಯಲ್ಲಿ, ದಿಬ್ಬದಲ್ಲಿ ಅಥವಾ ಎ.ಸಿ. ಹಾಕಿದಾಗ ಏರಿದರೆ, ಎಂಜಿನ್ ಹುಟ್ಟಿಸುವ ಹೆಚ್ಚಿನ ಶಾಖವನ್ನು ಹೊರಹಾಕಲು ರೇಡಿಯೇಟರಿಗೆ ಆಗುತ್ತಿಲ್ಲ ಎಂದು ಮೊದಲು ಶಂಕಿಸಬೇಕು. ರೇಡಿಯೇಟರ್ ಮುಚ್ಚಳ ಬಿಗಿಯಾಗಿ ಹಿಡಿಯುತ್ತಿದೆಯೇ ಎಂದು ನೋಡುವುದನ್ನೂ ಮರೆಯಬಾರದು: ಅದು ಒಳಗೆ ಒತ್ತಡ ಕಾಯ್ದುಕೊಳ್ಳುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ರಬ್ಬರ್ ಸವೆದಿದ್ದರೆ ಬೇರೆಲ್ಲ ಸರಿಯಿದ್ದರೂ ಕಾರು ಕುದಿಯುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಹೋದರೆ ಅದಕ್ಕೆ ಗುರುತುಗಳಿರುತ್ತವೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತ ಹೋಗುವುದು, ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಕೊಳವೆ) ಒತ್ತಿದರೆ ಬಾಗದಷ್ಟು ಬಿಗಿಯಾಗುವುದು, ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಏಳುವುದು, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು. ಇವುಗಳಲ್ಲಿ ಒಂದನ್ನಾದರೂ ನಿಮ್ಮ ಕಣ್ಣೆದುರು ತೋರಿಸಲಿ, ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡದ ಅಳತೆ) ಮಾಡಲಿ, ಆಮೇಲೆ ಹೆಡ್ಡಿಗೆ ಪಾನಾ ಹಾಕಲಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ನಾವು ಹೆಡ್ ಕೆಲಸಕ್ಕೆ ಕೊಟ್ಟ ಹಣದಲ್ಲಿ ಹೊಸ ರೇಡಿಯೇಟರ್ ಹಾಕಿಸಿಯೂ ಉಳಿಯುತ್ತಿತ್ತು.

ದಾರಿಯಲ್ಲಿ ಮುಳ್ಳು ಏರಿದರೆ ಎ.ಸಿ. ಆರಿಸಿ, ಎಂಜಿನ್ ಶಾಖ ಸ್ವಲ್ಪ ಹೊರಹೋಗಲೆಂದು ಹೀಟರನ್ನು ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬೇಡಿ. ಒತ್ತಡದಿಂದ ಚಿಮ್ಮುವ ನೀರು ಮುಖ ಕೈ ಸುಟ್ಟುಬಿಡುತ್ತದೆ.

ಥರ್ಮೋಸ್ಟಾಟ್ ಬಗ್ಗೆ ಇನ್ನೊಂದು ಮಾತು. ಅದನ್ನು ತೆಗೆದರೆ ಕಟ್ಟಿಕೊಂಡ ರೇಡಿಯೇಟರ್ ತೆರೆದುಕೊಳ್ಳುವುದಿಲ್ಲ, ರೋಗ ಕೆಲಕಾಲ ಮರೆಯಾಗುತ್ತದೆ ಅಷ್ಟೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹಳೆಯ ಕಾರು ಕೊಳ್ಳುವವರು ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಎಂದು ಸುಲಭವಾಗಿ ತಿಳಿಯಬಹುದು. ಪೂರ್ತಿ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ವಾಲ್ವ್ ಇದ್ದು ಸರಿಯಾಗಿದ್ದರೆ, ಎಂಜಿನ್ ಸಾಕಷ್ಟು ಕಾಯುವವರೆಗೂ ಹೋಸ್ ಹೆಚ್ಚು ಬಿಸಿಯಾಗದೆ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಎಂಜಿನ್ನಿನ ಜೊತೆಜೊತೆಗೆ ಬಿಸಿಯೇರುತ್ತ ಹೋದರೆ, ವಾಲ್ವನ್ನು ಯಾರೋ ತೆಗೆದಿದ್ದಾರೆ ಇಲ್ಲವೇ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಮಾರುವವರನ್ನು ಏಕೆಂದು ಕೇಳಿ, ರೇಡಿಯೇಟರ್ ಬಿಚ್ಚಿಸಿ ನೋಡಿದ ಮೇಲೆ ಬೆಲೆ ಮಾತಾಡಿ.