ಹಳೆಯ ಫೈಬರ್‌ಗ್ಲಾಸ್ ಟ್ರೇಲರ್: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಎಷ್ಟು ಕಾಲ ಬಾಳುತ್ತದೆ, ಮಾರುವಾಗ ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಕೊನೆಗೆ ನಿರ್ಧರಿಸುವುದು ನೀರು. ಅಮೆರಿಕದ ಮಿಶಿಗನ್‌ನ ಮಳೆಗೂ ಹಿಮಕ್ಕೂ ಎರಡು ಟ್ರೇಲರ್‌ಗಳನ್ನು ಒಡ್ಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಮೊದಲನೆಯದು ಹೊಸದಾಗಿ ಕೊಂಡದ್ದು. ನುಣುಪು ಗೋಡೆ, ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗವೇ ಹೊರಗೆ ಚಾಚಿಕೊಂಡು ಜಾಗ ಹೆಚ್ಚಿಸುವ ಸ್ಲೈಡ್‌ಔಟ್, ಒಳಗೆ ಸೋಫಾ ಎಲ್ಲವೂ ಇದ್ದವು. ಈಗ ಇರುವುದು 1990ರ ದಶಕದಲ್ಲಿ ತಯಾರಾದ, ಫೈಬರ್‌ಗ್ಲಾಸ್ ಚಿಪ್ಪಿನ, 16 ಅಡಿಯ ಸಣ್ಣ ಟ್ರೇಲರ್. ಟ್ಯಾಂಕಿನ ಗ್ಯಾಲನ್, ಕಾರಿಗೆ ಕೂಡಿಸುವ ಕೊಂಡಿಯಾದ ಹಿಚ್ಚಿನ ಭಾರ ಮುಂತಾದ ವಿವರಗಳು ಎಲ್ಲ ಕಡೆ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಬೇಕೆಂದಿರುವುದು ಸಂದುಗಳ ಬಗ್ಗೆ, ಅಂದರೆ ಎರಡು ಭಾಗಗಳು ಕೂಡುವ, ನೀರು ದಾರಿ ಹುಡುಕುವ ಜಾಗಗಳ ಬಗ್ಗೆ.

ಮೊದಲ ಟ್ರೇಲರ್‌ನ ಮುಂಭಾಗದ ಕಿಟಕಿಯ ಕೆಳಗೆ ಎರಡನೆಯ ವಸಂತದಲ್ಲಿ ಅಂಗೈಯಗಲದ ಉಬ್ಬು ಕಾಣಿಸಿಕೊಂಡಿತು. ಒತ್ತಿದರೆ ಒಳಗೆ ಹೋಗಿ, ಕೈ ತೆಗೆದರೆ ಮತ್ತೆ ಮೇಲೇಳುತ್ತಿತ್ತು. ಇಂಥ ಗೋಡೆಯನ್ನು ಕಟ್ಟುವ ರೀತಿಯನ್ನು ತಿಳಿದರೆ ಆ ಉಬ್ಬಿನ ಅರ್ಥವಾಗುತ್ತದೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದರ ನಡುವೆ ಫೋಮ್, ಎರಡೂ ಬದಿಗೆ ಲುವಾನ್ ಎಂಬ ತೆಳುವಾದ ಪ್ಲೈವುಡ್, ಹೊರಮೈಗೆ ಫೈಬರ್‌ಗ್ಲಾಸ್ ಹಾಳೆ. ಇಷ್ಟಕ್ಕೂ ಅಂಟು ಹಚ್ಚಿ, ಒತ್ತಿ, ಒಂದೇ ಹಲಗೆ ಮಾಡುತ್ತಾರೆ. ಗೋಡೆ ಹಗುರ, ಬಿಗಿ, ನೋಡಲು ಚೆಂದ. ಆದರೆ ಕಿಟಕಿಯ ಅಂಚಿನಲ್ಲೋ ಮೂಲೆಯ ಪಟ್ಟಿಯಲ್ಲೋ ದೀಪದ ಸ್ಕ್ರೂ ತೂತಿನಲ್ಲೋ ನೀರು ಇಳಿದು ಲುವಾನನ್ನು ತಲುಪಿತೆಂದರೆ ಅಂಟು ಬಿಡುತ್ತದೆ, ಹೊರಹಾಳೆ ಉಬ್ಬುತ್ತದೆ, ಒಳಗೆ ಮರ ಕೊಳೆಯುತ್ತದೆ. ಉಬ್ಬು ಕಣ್ಣಿಗೆ ಬೀಳುವ ಹೊತ್ತಿಗೆ ನೀರು ಎಷ್ಟು ದೂರ ಹರಡಿದೆಯೆಂದು ಹೇಳುವುದು ಕಷ್ಟ. ನಮ್ಮ ವಾರಂಟಿ ಒಂದು ವರ್ಷದ್ದಾಗಿತ್ತು, ಅದು ಮುಗಿದಿತ್ತು. ದುರಸ್ತಿಗೆ ಕೇಳಿದ ಹಣ ಟ್ರೇಲರ್‌ನ ಆಗಿನ ಬೆಲೆಯ ಅರ್ಧವನ್ನು ಮೀರಿತ್ತು. ಸಾಲದ ಕಂತು ಮಾತ್ರ ಇನ್ನೂ ಹದಿಮೂರು ವರ್ಷ ಉಳಿದಿತ್ತು. ಇಲ್ಲಿ ಟ್ರೇಲರ್‌ಗೆ ಹದಿನೈದು, ಇಪ್ಪತ್ತು ವರ್ಷಗಳ ಸಾಲ ಕೊಡುವುದು ಸಾಮಾನ್ಯ. ಗೋಡೆಗೆ ಒಂದು ವರ್ಷದ ಭರವಸೆ ಕೊಟ್ಟು ಹಣಕ್ಕೆ ಹದಿನೈದು ವರ್ಷದ ಬದ್ಧತೆ ಬರೆಸಿಕೊಳ್ಳುವ ಈ ವ್ಯವಸ್ಥೆ ನನಗೆ ಇಂದಿಗೂ ನ್ಯಾಯವೆನಿಸಿಲ್ಲ.

ಹಿಂದಿನ ಕಾಲದ ಟ್ರೇಲರ್‌ಗಳು ಸೋರುತ್ತಿರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. 1960 ಮತ್ತು 70ರ ದಶಕಗಳ ಬಹುಪಾಲು ಟ್ರೇಲರ್‌ಗಳು ಎರಡಿಂಚಿನ ಮರದ ರೀಪುಗಳ ಚೌಕಟ್ಟು, ನಡುವೆ ಗಾಜಿನ ಉಣ್ಣೆ, ಹೊರಗೆ ಅಲೆಅಲೆಯಾದ ಅಲ್ಯೂಮಿನಿಯಂ ತಗಡು ಇದ್ದಂಥವು. ಅವು ಧಾರಾಳವಾಗಿ ಸೋರುತ್ತಿದ್ದವು. ವ್ಯತ್ಯಾಸವಿರುವುದು ಸೋರಿದ ಮೇಲೆ ಏನು ಮಾಡಬಹುದು ಎಂಬುದರಲ್ಲಿ. ತಗಡು ಕಳಚಿ, ಕೊಳೆತ ರೀಪು ತೆಗೆದು, ಹೊಸ ರೀಪು ಹೊಡೆದು, ತಗಡನ್ನು ಮತ್ತೆ ಕೂರಿಸುವ ಕೆಲಸವನ್ನು ಮರಗೆಲಸ ಬಲ್ಲ ಯಾರಾದರೂ ಮನೆಯಂಗಳದಲ್ಲೇ ಮಾಡಬಹುದಿತ್ತು. ಈ ಬಗೆಯ ಟ್ರೇಲರ್‌ಗಳು ಈಗಲೂ ತಯಾರಾಗುತ್ತವೆ, ಈಗಲೂ ಅವೇ ಅಗ್ಗ. ಅಂಟಿನ ಹಲಗೆ ಬಂದಾಗ ತೂಕ ಕಡಿಮೆಯಾಯಿತು, ರೂಪ ಹೆಚ್ಚಿತು, ಬಿಚ್ಚಿ ಸರಿಪಡಿಸುವ ಸಾಧ್ಯತೆ ಕೈತಪ್ಪಿತು. ಸ್ಲೈಡ್‌ಔಟ್ 1990ರ ದಶಕದಲ್ಲಿ ಹರಡಿದಾಗ ಗೋಡೆಯಲ್ಲೇ ಬಾಗಿಲಿಗಿಂತ ದೊಡ್ಡ ತೂತು ಕೊರೆದು ಅದನ್ನು ರಬ್ಬರ್ ಪಟ್ಟಿಯ ನಂಬಿಕೆಯ ಮೇಲೆ ಬಿಟ್ಟಂತಾಯಿತು.

ಬೆಲೆಯ ಲೆಕ್ಕವನ್ನೂ ಹೀಗೆಯೇ ನೋಡಬೇಕು. ಏರ್‌ಸ್ಟ್ರೀಮ್ ಕಂಪನಿಯ ಸ್ಥಾಪಕ ವಾಲಿ ಬೈಯಮ್ 1936ರಲ್ಲಿ ಮಾರಾಟಕ್ಕೆ ತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್‌ನ ಬೆಲೆ 1,200 ಡಾಲರ್. ಇಂದಿನ ಲೆಕ್ಕದಲ್ಲಿ ಅದು ಸುಮಾರು 27 ಸಾವಿರ ಡಾಲರ್ ಆಗುತ್ತದೆ. ವಿಮಾನದ ಮೈಯಂತೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಕೂಡಿಸಿದ ಆ ಬಗೆಯ ಟ್ರೇಲರ್ ಇಂದು ಹೊಸದಾಗಿ ಬೇಕೆಂದರೆ ಅತಿ ಚಿಕ್ಕದಕ್ಕೂ 50 ಸಾವಿರಕ್ಕಿಂತ ಹೆಚ್ಚು ತೆರಬೇಕು. 27 ಸಾವಿರಕ್ಕೆ ಇಂದು ಸಿಗುವುದು ಅಂಟಿನ ಹಲಗೆಯ ಅಥವಾ ತಗಡಿನ ಟ್ರೇಲರ್. ಹವಾನಿಯಂತ್ರಣ, ಮೈಕ್ರೋವೇವ್, ಟಿವಿ ಜೊತೆಗೆ ಬರುತ್ತವೆ. ಅಷ್ಟೇ ಹಣದಲ್ಲಿ ಅನುಕೂಲಗಳು ಹೆಚ್ಚಿವೆ, ಮೈಗಟ್ಟು ಕುಗ್ಗಿದೆ.

ತಯಾರಿಕೆಯ ಬಹುಪಾಲು ಈಗ ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ ನೆಲೆಗೊಂಡಿದೆ. ತಯಾರಕ ಕಂಪನಿಗಳಲ್ಲಿ ಒಂದಾದ ಫಾರೆಸ್ಟ್ ರಿವರ್ 2005ರಲ್ಲಿ ಬರ್ಕ್‌ಶೈರ್ ಹ್ಯಾಥವೇ ಎಂಬ ಹೂಡಿಕೆ ಕಂಪನಿಯ ಪಾಲಾಯಿತು. 2016ರಲ್ಲಿ ಇಂಥದೇ ಕಂಪನಿಗಳಾದ ಜೇಕೋವನ್ನು ಥಾರ್ ಕೊಂಡಿತು, ಗ್ರ್ಯಾಂಡ್ ಡಿಸೈನನ್ನು ವಿನ್ನೆಬೇಗೋ ಕೊಂಡಿತು. ಹೆಸರುಗಳು ಹತ್ತಾರು, ಆದರೆ ಅಡಿಯ ಚೌಕಟ್ಟು, ಆಕ್ಸಲ್, ಕಿಟಕಿ, ಫ್ರಿಜ್ ಬರುವುದು ಕೆಲವೇ ಪೂರೈಕೆದಾರರಿಂದ. ಅಲ್ಲಿ ಗಂಟೆಗಲ್ಲದೆ ತಯಾರಾದ ಎಣಿಕೆಗೆ ಕೂಲಿ ಕೊಡುವ ಪದ್ಧತಿಯೂ ವ್ಯಾಪಕವಾಗಿದೆ. ಸಂದುಗಳಿಗೆ ನೀರು ತಡೆಯುವ ಸೀಲಂಟ್ ಹಚ್ಚುವುದು ನಿಧಾನದ ಕೆಲಸ. ವೇಗಕ್ಕೆ ಹಣ ಸಿಗುವಲ್ಲಿ ಮೊದಲು ಸೊರಗುವುದು ಅದೇ. ಕೋವಿಡ್ ಕಾಲದ ಬೇಡಿಕೆಯಿಂದಾಗಿ 2021ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಆರ್‌ವಿಗಳು, ಅಂದರೆ ಟ್ರೇಲರ್ ಮತ್ತು ಮೋಟಾರು ಮನೆಗಳು, ಕಾರ್ಖಾನೆಗಳಿಂದ ಹೊರಬಿದ್ದವು, 2023ರ ಹೊತ್ತಿಗೆ ಆ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಅವಸರದ ವರ್ಷಗಳ ಟ್ರೇಲರ್ ಕೊಳ್ಳುವವರು ಚಾವಣಿ ಹತ್ತಿ ನೋಡದೆ ಹಣ ಕೊಡಬಾರದು.

ಇನ್ನು ಈಗಿನ ನಮ್ಮ ಟ್ರೇಲರ್. ಈ ಕುಲದ ಮೂಲ 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಆರಂಭವಾದ ಬೋಲರ್. ಅದನ್ನು ರೂಪಿಸಿದ ರೇ ಒಲೆಕೊ ಅದಕ್ಕೆ ಮೊದಲು ಫೈಬರ್‌ಗ್ಲಾಸ್‌ನ ಸೆಪ್ಟಿಕ್ ಟ್ಯಾಂಕ್ ರೂಪಿಸಿದ್ದವರು. ಸೋರದ ಟ್ಯಾಂಕ್ ಮಾಡಬಲ್ಲವನಿಗೆ ಸೋರದ ಟ್ರೇಲರ್ ಹೊಳೆದದ್ದು ಸಹಜ. ಮುಂದೆ ಮಿನೆಸೋಟದ ಸ್ಕ್ಯಾಂಪ್, ಟೆಕ್ಸಾಸ್‌ನ ಕಸೀಟ ಅದೇ ದಾರಿಯಲ್ಲಿ ಬಂದವು. ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಎರಡೇ ಚಿಪ್ಪುಗಳನ್ನು ಅಚ್ಚಿನಲ್ಲಿ ತಯಾರಿಸಿ ಸೊಂಟದ ಸುತ್ತ ಒಂದೇ ಕಡೆ ಕೂಡಿಸುತ್ತಾರೆ. ಚಾವಣಿಯೂ ಗೋಡೆಯೂ ಸೇರುವ ಮೂಲೆ ಇದಕ್ಕೆ ಇಲ್ಲವೇ ಇಲ್ಲ. ಮೊದಲ ಟ್ರೇಲರ್‌ನಲ್ಲಿ ಪ್ರತಿ ವರ್ಷ ಏಣಿ ಹಾಕಿ ಉದ್ದಕ್ಕೂ ಪರೀಕ್ಷಿಸುತ್ತಿದ್ದ ಆ ನಾಲ್ಕು ಅಂಚುಗಳು ಇಲ್ಲದಿರುವುದು ಎಂಥ ನೆಮ್ಮದಿಯೆಂಬುದು ಬಳಸಿದವರಿಗೇ ಗೊತ್ತು.

ನಾನು ಬೆಳೆದ ಮಲೆನಾಡಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ತಪ್ಪದ ಕೆಲಸವಾಗಿತ್ತು. ಇಲ್ಲಿ ನಾನು ಮಾಡುವುದೂ ಅದನ್ನೇ, ಆದರೆ ಈಗ ಅದು ಒಂದು ಕಾಫಿಯ ಹೊತ್ತಿನಲ್ಲಿ ಮುಗಿಯುತ್ತದೆ. ರಾತ್ರಿ ಮಲಗುವ ಮುನ್ನ ಸ್ಟೀಲ್ ಫಿಲ್ಟರಿಗೆ ಪುಡಿ ಹಾಕಿ, ಮೇಲೆ ತಟ್ಟೆ ಕೂರಿಸಿ ಮೆಲ್ಲನೆ ಒತ್ತಿ, ಕುದಿನೀರು ಸುರಿದಿಡುತ್ತೇನೆ. ಮಿಶಿಗನ್ ಸರೋವರದ ದಡದ ಲಡಿಂಗ್ಟನ್‌ನಲ್ಲಿ ನೀರಿನ ಕಡೆಯಿಂದ ಬೆಳಗಿನ ಚಳಿ ಏರುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ. ಪ್ರೋಪೇನ್ ಒಲೆಯ ಸಣ್ಣ ಉರಿಯಲ್ಲಿ ಹಾಲು ಕಾಯಲು ಇಟ್ಟು ಹೊರಗೆ ಬಂದು, ಕಿಟಕಿಗಳ ರಬ್ಬರಿನ ಕೆಳಗೆ ಬೆರಳಾಡಿಸುತ್ತಾ, ಸೊಂಟದ ಪಟ್ಟಿಯನ್ನು ನೋಡುತ್ತಾ ಒಂದು ಸುತ್ತು ಬರುತ್ತೇನೆ. ಹಾಲು ಉಕ್ಕುವುದರೊಳಗೆ ಟ್ರೇಲರ್‌ನ ಆರೋಗ್ಯ ತಿಳಿದಿರುತ್ತದೆ. ಒಗ್ಗರಣೆಗೆ ಮಾತ್ರ ಒಂದು ಕ್ರಮವಿದೆ: ಮೊದಲು ಚಾವಣಿಯ ಫ್ಯಾನ್, ಆಮೇಲೆ ಬಾಗಿಲು, ಕೊನೆಗೆ ಸಾಸಿವೆ. ಕ್ರಮ ತಪ್ಪಿದರೆ ಒಣಮೆಣಸಿನ ಘಾಟಿಗೆ ಹೊಗೆ ಎಚ್ಚರಿಕೆಯ ಗಂಟೆ ಇಡೀ ಕ್ಯಾಂಪ್‌ಗ್ರೌಂಡನ್ನು ಎಬ್ಬಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಏಕೆಂದರೆ ವರ್ಷಗಳು ಕಳೆದಂತೆ ಹೊಸ ಟ್ರೇಲರ್‌ಗಳ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಚಿಪ್ಪಿನ ಟ್ರೇಲರ್‌ಗೂ ಕಿಟಕಿ, ಚಾವಣಿಯ ಗಾಳಿಕಿಂಡಿ ಇರುತ್ತವೆ. ಅವುಗಳ ಸುತ್ತ ನೀರು ತಡೆಯುವ ಬ್ಯೂಟೈಲ್ ಎಂಬ ಅಂಟುಪಟ್ಟಿ ಹಳತಾದರೆ ಬದಲಿಸಲೇಬೇಕು. ಕೆಲವು ಮಾದರಿಗಳಲ್ಲಿ ಕಪಾಟುಗಳನ್ನು ಚಿಪ್ಪಿಗೆ ತೂತು ಕೊರೆದು ರಿವೆಟ್‌ನಿಂದ ನಿಲ್ಲಿಸಿರುತ್ತಾರೆ, ನೆಲವೂ ಮರದ್ದೇ ಆಗಿರುತ್ತದೆ. ಅಕ್ಟೋಬರ್‌ನಲ್ಲಿ ಕುಕ್ಕರ್ ಕೂಗಿಸಿದ ರಾತ್ರಿ ಗೋಡೆಯ ಒಳಮೈ ಬೆವರುತ್ತದೆ, ಬೆಳಿಗ್ಗೆ ಟವೆಲ್ ಹಿಡಿದು ಒರೆಸಬೇಕು. ಊಟದ ಮೇಜನ್ನೇ ದಿನವೂ ಹಾಸಿಗೆಯಾಗಿ ಮಾಡುವುದು ಮಗಳು ಚಿಕ್ಕವಳಿದ್ದಾಗ ಆಟವಾಗಿತ್ತು; ಈಗ ಅವಳು ಮಲಗಿದ್ದಾಗ ನಮಗೆ ಕೂರಲು ಜಾಗವಿರುವುದಿಲ್ಲ.

ಹೊಸ ಟ್ರೇಲರ್‌ಗಳಲ್ಲಿ ನಿಜವಾಗಿಯೂ ಉತ್ತಮಗೊಂಡ ಸಂಗತಿಗಳಿವೆ. ಹಲವರು ಈಗ ಲುವಾನ್ ಬದಲು ಪಾಲಿಪ್ರೊಪಿಲೀನ್ ಮತ್ತು ಗಾಜಿನ ನಾರಿನಿಂದ ಮಾಡಿದ ಅಜ್ಡೆಲ್ ಹಾಳೆ ಬಳಸುತ್ತಾರೆ. ಅದರಲ್ಲಿ ಮರವೇ ಇಲ್ಲದಿರುವುದರಿಂದ ಅದು ಕೊಳೆಯುವುದಿಲ್ಲ. 2005ರ ಕತ್ರಿನಾ ಚಂಡಮಾರುತದ ಸಂತ್ರಸ್ತರಿಗೆ ಕೊಟ್ಟ ಟ್ರೇಲರ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಅನಿಲ ಹೆಚ್ಚಾಗಿ ಕಂಡುಬಂದ ನಂತರ ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳಿಂದ ಹೊರಬರುವ ಆ ಅನಿಲಕ್ಕೆ ಮಿತಿ ಬೇಕೆಂಬ ಒತ್ತಾಯ ಬಲವಾಯಿತು; ಆ ಮಿತಿ 2018ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ನಮ್ಮ ಹಳೆಯ ಫ್ರಿಜ್ ಅನಿಲದಿಂದ ನಡೆಯುವಂಥದ್ದು, ಟ್ರೇಲರ್ ಸಮತಟ್ಟಾಗಿ ನಿಲ್ಲದಿದ್ದರೆ ಮೊಸರು ಹುಳಿಯಾಗುತ್ತದೆ. ಹೊಸದರಲ್ಲಿ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ಆ ತಕರಾರಿಲ್ಲ. ಲಿಥಿಯಂ ಬ್ಯಾಟರಿ, ಸೋಲಾರ್ ಬಂದ ಮೇಲೆ ವಿದ್ಯುತ್ ಇಲ್ಲದ ಜಾಗದಲ್ಲೂ ದಿನಗಟ್ಟಲೆ ಉಳಿಯಬಹುದು.

ನಮ್ಮ ಬಜೆಟ್ 15 ಸಾವಿರ ಡಾಲರ್ ಆಗಿತ್ತು, ಸಾಲ ಬೇಡವೆಂದು ತೀರ್ಮಾನಿಸಿದ್ದೆವು. ಆ ಮಿತಿಯಲ್ಲಿ ಈ ಚಿಪ್ಪಿಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಈ ಬಗೆಯವು ಹಳೆಯವಾದರೂ ಬೆಲೆ ಬಿಟ್ಟುಕೊಡುವುದಿಲ್ಲ, ಒಳ್ಳೆಯದು ಮಾರಾಟಕ್ಕೆ ಬಂದರೆ ಬಹಳ ದಿನ ಉಳಿಯುವುದೂ ಇಲ್ಲ. ಕೊಂಡ ಬೆಲೆಗೇ ಇಂದು ಮಾರಬಲ್ಲೆನೆಂಬ ಭರವಸೆ ನನಗಿದೆ. ನಾಲ್ಕೈದು ಜನರ ಕುಟುಂಬಕ್ಕೆ ಇದು ಸಾಲದು. ಅಂಥವರು ಸ್ಲೈಡ್‌ಔಟ್ ಇಲ್ಲದ, ಅಜ್ಡೆಲ್ ಗೋಡೆಯ, ಮೂರು ನಾಲ್ಕು ವರ್ಷ ಹಳೆಯದನ್ನು ಹುಡುಕಲಿ. ಅಷ್ಟರಲ್ಲಿ ಬೆಲೆಯ ದೊಡ್ಡ ಕುಸಿತ ಮುಗಿದಿರುತ್ತದೆ. ನೋಡಲು ಹೋಗುವಾಗ ತೇವ ಅಳೆಯುವ ಮೀಟರ್ ಒಯ್ದು ಮುಂಭಾಗದ ಕಿಟಕಿಯ ಕೆಳಗೆ, ಗಾಳಿಕಿಂಡಿಯ ಸುತ್ತ, ಹಾಸಿಗೆಯ ಕೆಳಗಿನ ಹಿಂಬದಿ ಮೂಲೆಗಳಲ್ಲಿ ಇಟ್ಟು ನೋಡಿ. ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನವೇ ಹೋಗಿ.