ಮುಕ್ಕಾದ ಬಾಚಿಹಲ್ಲಿಗೆ ಬಾಂಡಿಂಗೋ ವಿನಿಯರೋ: ಎರಡನ್ನೂ ಬಾಯಲ್ಲಿಟ್ಟುಕೊಂಡು ಬರೆದದ್ದು

ನನ್ನ ಮೇಲ್ಸಾಲಿನ ನಡುವಿನ ಎರಡು ಬಾಚಿಹಲ್ಲುಗಳಲ್ಲಿ ಎಡಗಡೆಯದಕ್ಕೆ 2015ರಲ್ಲಿ ಪಿಂಗಾಣಿಯ ವಿನಿಯರ್, ಅಂದರೆ ಹಲ್ಲಿನ ಮುಂಭಾಗವನ್ನು ಮುಚ್ಚುವ ತೆಳುವಾದ ಪದರ, ಅಂಟಿಸಿಕೊಂಡೆ. ಬಲಗಡೆಯದಕ್ಕೆ 2022ರಲ್ಲಿ ಕಾಂಪೋಸಿಟ್ ಬಾಂಡಿಂಗ್, ಅಂದರೆ ಹಲ್ಲಿನ ಬಣ್ಣದ ರಾಳವನ್ನು ಮುಕ್ಕಾದ ಕಡೆ ನೇರವಾಗಿ ಅಂಟಿಸಿ ತಿದ್ದುವ ಕೆಲಸ, ಮಾಡಿಸಿಕೊಂಡೆ. ಎರಡರ ತೊಂದರೆಯೂ ಒಂದೇ ಬಗೆಯದು: ಅರ್ಧ ಅಕ್ಕಿಕಾಳಿನಷ್ಟು ಮೂಲೆ ಮುಕ್ಕಾಗಿತ್ತು. ಮೊದಲನೆಯದು ಸ್ಕೂಟರಿನಿಂದ ಬಿದ್ದಾಗ ಆದದ್ದು. ಎರಡನೆಯದು ಸೀರೆಗೆ ಕುಚ್ಚು ಕಟ್ಟುವಾಗ ರೇಷ್ಮೆ ದಾರವನ್ನು ಹಲ್ಲಿನಿಂದಲೇ ಕಡಿಯುವ ನನ್ನ ಇಪ್ಪತ್ತು ವರ್ಷಗಳ ಚಾಳಿಯಿಂದ ಆದದ್ದು. ಅಕ್ಕಪಕ್ಕದಲ್ಲೇ ಇರುವುದರಿಂದ ಕನ್ನಡಿಯ ಮುಂದೆ ನಿಂತಾಗಲೆಲ್ಲ ಹೋಲಿಕೆ ತಾನಾಗಿಯೇ ನಡೆಯುತ್ತದೆ. ಯಾರಾದರೂ ಕೇಳಿದರೆ ಬಾಂಡಿಂಗ್ ಎಂದೇ ಹೇಳುತ್ತೇನೆ. ಹಾಗೆಂದು ಅದು ಮೊದಲ ಸಲಕ್ಕೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ.

ವಿನಿಯರ್ ಬಗ್ಗೆ ನನಗಿರುವ ದೂರು ಅದರ ಅಂದದ ಬಗ್ಗೆ ಅಲ್ಲ. ಅದನ್ನು ಕೂರಿಸಲು ಹಲ್ಲಿನ ಮುಂಭಾಗವನ್ನೆಲ್ಲ ಸುಮಾರು ಅರ್ಧ ಮಿಲಿಮೀಟರ್ ಸವೆಸಿದರು. ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದರು. ಪಿಂಗಾಣಿಯ ಪದರ ತಯಾರಾಗಿ ಬರುವವರೆಗೆ ಹತ್ತು ದಿನಗಳ ಮಟ್ಟಿಗೆಂದು ಅಂಟಿಸಿದ ತಾತ್ಕಾಲಿಕ ಚಿಪ್ಪು ಆರನೆಯ ದಿನ ಚಪಾತಿಯ ಜೊತೆ ಕಿತ್ತು ಬಂತು. ಅದೆಲ್ಲ ಮರೆತುಹೋಗುವ ಸಂಗತಿ. ಮರೆಯಲಾಗದ್ದು ಸವೆದುಹೋದ ಎನಾಮಲ್. ಹಲ್ಲಿನ ಆ ಹೊರಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಮೂಲೆ ಒಡೆದ ಬಾಗಿಲಿಗೆ ಒಂದು ತುಂಡು ಕಟ್ಟಿಗೆ ಕೂರಿಸುವುದನ್ನು ಬಿಟ್ಟು, ಇಡೀ ಬಾಗಿಲನ್ನು ಹೆರೆದು ಹೊಸ ಹಲಗೆ ಹೊಡೆಸಿದಂತಾಯಿತು ನನ್ನ ಲೆಕ್ಕ. ಅಂದು ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಮದುವೆಯ ಗಡಿಬಿಡಿಯಲ್ಲಿದ್ದ ನಾನೂ ಕೇಳಲಿಲ್ಲ.

ಬಾಂಡಿಂಗ್‌ನಲ್ಲಿ ಚುಚ್ಚುಮದ್ದೂ ಬೇಕಾಗಲಿಲ್ಲ, ಲ್ಯಾಬಿನ ದಾರಿ ಕಾಯುವುದೂ ಇರಲಿಲ್ಲ. ಮುಕ್ಕಾದ ಅಂಚಿನ ಸುತ್ತ ನೀಲಿ ಬಣ್ಣದ ಆಮ್ಲದ ಜೆಲ್ ಸವರಿ, ಅರ್ಧ ನಿಮಿಷದೊಳಗೆ ತೊಳೆದು ಗಾಳಿ ಊದಿದಾಗ ಆ ಭಾಗ ಸೀಮೆಸುಣ್ಣ ಉಜ್ಜಿದಂತೆ ಮಂಕಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಎನಾಮಲ್ಲಿನ ಮೇಲೆ ಎದ್ದವೆಂದು ಅದರ ಅರ್ಥ. ಅಂಟುದ್ರವ ಆ ಗುಳಿಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಲೋಹದ ಮೇಲೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಫಾಸ್ಫಾರಿಕ್ ಆಮ್ಲವನ್ನು ಹಲ್ಲಿಗೆ ಸವರಿ ನೋಡಬಹುದೆಂದು 1955ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಮೈಕೆಲ್ ಬ್ಯೂನೊಕೋರ್. ವಿನಿಯರ್ ಹಲ್ಲಿಗೆ ಅಂಟಿಕೊಳ್ಳುವುದೂ ಇದೇ ಉಪಾಯದಿಂದ ಎಂಬುದು ನನಗೆ ತಿಳಿದದ್ದು ತಡವಾಗಿ. ಆಮೇಲೆ ಕಣಕದಂಥ ಕಾಂಪೋಸಿಟನ್ನು ಪದರ ಪದರವಾಗಿ ಇಟ್ಟು, ಒಂದೊಂದು ಪದರಕ್ಕೂ ಇಪ್ಪತ್ತು ಸೆಕೆಂಡು ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು.

ತೊಂದರೆ ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ಕುರ್ಚಿಯಲ್ಲಿ ಕುಳಿತಿದ್ದಾಗ ದಂತವೈದ್ಯರು ಹಿಡಿದ ಕೈಗನ್ನಡಿಯಲ್ಲಿ ಗುರುತೇ ಸಿಗದಂತೆ ಹೊಂದಿಕೊಂಡಿದ್ದ ಆ ಮೂಲೆ, ಮನೆಯ ಅಂಗಳದ ಬೆಳಕಿನಲ್ಲಿ ಹಳೆಯ ಗೋಡೆಗೆ ಹಾಕಿದ ಸುಣ್ಣದ ತೇಪೆಯಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ರಾತ್ರಿ ಬೆಳಗಾಗುವುದರಲ್ಲಿ ಕಾಂಪೋಸಿಟ್ ಬಣ್ಣ ಬದಲಿಸಿತೆಂದು ನಾನು ತಿಳಿದೆ. ಬದಲಾದದ್ದು ಅದಲ್ಲ, ನನ್ನ ಹಲ್ಲು. ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹತ್ತಿ ಇಟ್ಟು, ಗಾಳಿ ಊದುತ್ತಿದ್ದರೆ ಎನಾಮಲ್ ತನ್ನ ತೇವ ಕಳೆದುಕೊಂಡು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಎಂಜಲಿನ ತೇವ ಮತ್ತೆ ಹೀರಿಕೊಂಡು ಮೊದಲಿನ ಬಣ್ಣಕ್ಕೆ ಮರಳಲು ಗಂಟೆಗಳೇ ಬೇಕು, ಕೆಲವೊಮ್ಮೆ ಒಂದು ದಿನ ದಾಟಬಹುದು. ಹಲ್ಲನ್ನು ಒಣಗಿಸಿದ ಮೇಲೆ, ಕಾಂಪೋಸಿಟ್‌ನ ಬಣ್ಣ ಆರಿಸಲೆಂದು ಬಣ್ಣದ ಪಟ್ಟಿ ಹಿಡಿದು ಹೋಲಿಸಿದ್ದೇ ಎಲ್ಲ ಅವಾಂತರಕ್ಕೆ ಕಾರಣ. ಅದೂ ಟ್ಯೂಬ್‌ಲೈಟಿನ ಕೆಳಗೆ. ಅಂದು ನಾನು ಉಟ್ಟಿದ್ದುದು ಅರಿಶಿನ ಬಣ್ಣದ ಸೀರೆ ಬೇರೆ. ಗಲ್ಲದ ಕೆಳಗಿನ ಗಾಢ ಬಣ್ಣವೂ ಹಲ್ಲು ನೋಡುವ ಕಣ್ಣನ್ನು ದಾರಿ ತಪ್ಪಿಸುತ್ತದಂತೆ.

ಮೂರು ವಾರ ತೇಪೆ ಹೊತ್ತುಕೊಂಡೇ ತಿರುಗಾಡಿದೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ‘ಹಲ್ಲಿಗೆ ಸಿಮೆಂಟ್ ಹಾಕ್ಸಿದೀಯೇನೆ?’ ಎಂದು ನಮ್ಮ ಅತ್ತೆ ನೇರವಾಗಿಯೇ ಕೇಳಿದರು. ಮುಕ್ಕು ಇದ್ದಾಗ ಅವರು ಒಮ್ಮೆಯೂ ಕೇಳಿರಲಿಲ್ಲ.

ಎರಡನೆಯ ಸಲ ಬೇರೆಯವರ ಬಳಿ ಹೋದೆ. ನಮ್ಮ ದಾವಣಗೆರೆಯಲ್ಲಿ ದಂತವೈದ್ಯರಿಗೆ ಬರವಿಲ್ಲ. ಈ ಡಾಕ್ಟರಮ್ಮ ಸಾಮಾನುಗಳನ್ನು ಮುಟ್ಟುವ ಮೊದಲೇ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಕುತ್ತಿಗೆಯವರೆಗೆ ಬೂದುಬಣ್ಣದ ಬಟ್ಟೆ ಹೊದಿಸಿ, ಹಲ್ಲು ಒದ್ದೆಯಾಗಿರುವಾಗಲೇ ಬಣ್ಣ ನೋಡಿದರು. ಪಟ್ಟಿಯನ್ನಷ್ಟೇ ನಂಬಲಿಲ್ಲ. ಎರಡು ಮೂರು ಕಾಂಪೋಸಿಟ್‌ಗಳನ್ನು ಸಾಸಿವೆಯಷ್ಟು ತೆಗೆದು, ಆಮ್ಲವೂ ಅಂಟೂ ಇಲ್ಲದೆ ಹಾಗೆಯೇ ಹಲ್ಲಿನ ಮೇಲೆ ಒತ್ತಿ, ನೀಲಿ ಬೆಳಕು ಹಿಡಿದು ಗಟ್ಟಿಯಾದ ಮೇಲೆ ನೋಡಿದರು. ಏಕೆಂದರೆ ಗಟ್ಟಿಯಾಗುವಾಗ ಅದರ ಬಣ್ಣವೂ ಸ್ವಲ್ಪ ಬದಲಾಗುತ್ತದೆ. ಒಪ್ಪದ್ದನ್ನು ಸಲಾಕೆಯ ತುದಿಯಿಂದ ಚಿಮ್ಮಿದರೆ ಟಕ್ಕೆಂದು ಹಾರಿಹೋಗುತ್ತಿತ್ತು. ಕೊನೆಗೆ ಅವರು ಬಳಸಿದ್ದು ಒಂದಲ್ಲ, ಎರಡು ಬಣ್ಣ: ಬಾಯೊಳಗಿನ ಕತ್ತಲು ಹಾಯ್ದು ಕಾಣದಂತೆ ಹಿಂದೆ ಮಂದವಾದದ್ದು, ಅದರ ಮುಂದೆ ಎನಾಮಲ್ಲಿನಂತೆ ಬೆಳಕು ಹಾಯಿಸುವಂಥದ್ದು. ಬಣ್ಣ ಆರಿಸಲು ಹತ್ತು ನಿಮಿಷ ಹಿಡಿಯಿತು. ಬಾಂಡಿಂಗ್ ಮಾಡಿಸುವವರು ಬಿಲ್ಲಿನ ಬಗ್ಗೆ ವಿಚಾರಿಸುವ ಮೊದಲು ಬಣ್ಣವನ್ನು ಯಾವಾಗ, ಹೇಗೆ ನೋಡುತ್ತಾರೆಂದು ವಿಚಾರಿಸಬೇಕು. ಹಲ್ಲನ್ನು ಬಿಳುಪು ಮಾಡಿಸುವ ಮನಸ್ಸಿದ್ದರೆ ಅದನ್ನು ಮೊದಲು ಮುಗಿಸಿ, ಎರಡು ವಾರ ಬಿಟ್ಟು ಬಾಂಡಿಂಗ್‌ಗೆ ಹೋಗಬೇಕು. ಬಿಳುಪಿನ ಔಷಧಿಗೆ ಹಲ್ಲು ಬಗ್ಗುತ್ತದೆ, ಕಾಂಪೋಸಿಟ್ ಬಗ್ಗುವುದಿಲ್ಲ.

ಹೊಳಪಿನಲ್ಲಿ ವಿನಿಯರೇ ಮೇಲು. ಹತ್ತು ವರ್ಷವಾದರೂ ಅದರ ಮೇಲೆ ಕಾಫಿಯ ಕಲೆ ಕೂತಿಲ್ಲ. ಆದರೆ ಅದರಲ್ಲೂ ಒಂದು ಚೋದ್ಯವಿದೆ: ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವ ನನ್ನ ಉಳಿದ ಹಲ್ಲುಗಳಿಗೆ ವಯಸ್ಸಾಗುತ್ತಿದ್ದರೆ ಅದೊಂದು ಮಾತ್ರ 2015ರಲ್ಲೇ ನಿಂತುಬಿಟ್ಟಿದೆ. ಬಾಂಡಿಂಗ್ ಮಾಡಿದ ಮೂಲೆ ಕಾಫಿಯನ್ನೂ ಅರಿಶಿನವನ್ನೂ ಹೀರುತ್ತದೆ. ಒಂದೂವರೆ ವರ್ಷಕ್ಕೆ ಅದರ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಮೂಡಿತು; ಐದು ನೂರು ರೂಪಾಯಿ ಕೊಟ್ಟು ಪಾಲಿಶ್ ಮಾಡಿಸಿದಾಗ ಹೋಯಿತು. ಎಲೆಯಡಿಕೆ ಹಾಕುವವರಿಗೂ ಬೀಡಿ ಸಿಗರೇಟು ಸೇದುವವರಿಗೂ ಬಾಂಡಿಂಗ್ ಮಾಡಿಸಿ ಎಂದು ಹೇಳಲಾರೆ.

ಬಾಳಿಕೆಯಲ್ಲಿಯೂ ವಿನಿಯರ್ ಮುಂದು: ಅದು ಹತ್ತು ಹದಿನೈದು ವರ್ಷ ಬಂದರೆ ಬಾಂಡಿಂಗ್ ಐದಾರು ವರ್ಷ ಬಂದೀತು.

ಆದರೂ ನನ್ನ ಒಲವು ಬಾಂಡಿಂಗ್ ಕಡೆಗೇ ಇರುವುದಕ್ಕೆ ಕಾರಣ ನನ್ನ ಚಾಳಿ. ಎರಡು ಕೈಯಲ್ಲೂ ಕುಚ್ಚಿನ ಎಳೆಗಳನ್ನು ಹಿಡಿದು ಕುಳಿತಾಗ ಕತ್ತರಿಗಾಗಿ ತಡಕಾಡುವುದಕ್ಕಿಂತ ಮೊದಲೇ ಹಲ್ಲು ಮುಂದೆ ಬಂದಿರುತ್ತದೆ. 2024ರ ದೀಪಾವಳಿಯ ಹೊತ್ತಿಗೆ ಬಾಂಡಿಂಗ್‌ನ ತುದಿ ಒಂದಿಷ್ಟು ಉದುರಿತು. ಡಾಕ್ಟರಮ್ಮ ಆ ಭಾಗವನ್ನು ಒರಟು ಮಾಡಿ, ಅದೇ ಬಣ್ಣದ್ದನ್ನು ಮೇಲಿಟ್ಟು, ಬಣ್ಣದ ಕಾಗದ ಕಚ್ಚಿಸಿ ಎತ್ತರ ಸರಿಮಾಡಿ, ಎಂಟು ನೂರು ರೂಪಾಯಿ ತೆಗೆದುಕೊಂಡು ಕಳಿಸಿದರು. ಇದೇ ಪೆಟ್ಟು ಎಡಗಡೆಯ ಪಿಂಗಾಣಿಗೆ ಬಿದ್ದಿದ್ದರೆ ಬಹುಮಟ್ಟಿಗೆ ಇಡೀ ಪದರವನ್ನೇ ಕಿತ್ತು ಹೊಸದನ್ನು ಮಾಡಿಸಬೇಕಾಗುತ್ತಿತ್ತು. ವಿನಿಯರಿಗೆ ನಾನು ಅಂದೇ ಕೊಟ್ಟದ್ದು 14,000 ರೂಪಾಯಿ. ಬಾಂಡಿಂಗ್‌ಗೆ ಕೆಟ್ಟದ್ದಕ್ಕೆ 2,500, ಸರಿಯಾದದ್ದಕ್ಕೆ 3,500, ಪಾಲಿಶಿಗೂ ದುರಸ್ತಿಗೂ ಸೇರಿ 1,300. ಅಂದರೆ ಪೆದ್ದುತನದ ಖರ್ಚೂ ಸೇರಿ 7,300. ಒಂದು ಸೀರೆಯ ಕುಚ್ಚಿಗೆ ನಾನೂರು ಐನೂರು ಎಣಿಸುವ ನನಗೆ ಒಮ್ಮೆಗೇ ಹದಿನಾಲ್ಕು ಸಾವಿರ ತೆಗೆದಿಡುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಕೊಡುವುದು ಸಲೀಸು.

ಎಲ್ಲರ ಹಲ್ಲಿಗೂ ಇದೇ ಮಾತು ಒಗ್ಗುವುದಿಲ್ಲ. ಪಾವಗಡದ ಕಡೆಯ ನನ್ನ ಓರಗಿತ್ತಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದೇ ಬೆಳೆದವಳು. ಅವಳ ಮುಂದಿನ ಆರೂ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಅಂಥ ಎನಾಮಲ್ಲನ್ನು ಆಮ್ಲ ಸುಲಭವಾಗಿ ಕೊರೆಯುವುದಿಲ್ಲವಾದ್ದರಿಂದ ಅಂಟಿನ ಹಿಡಿತವೂ ಸಡಿಲ. ಹಲ್ಲಿನ ಇಡೀ ಮುಂಭಾಗದ ಬಣ್ಣವನ್ನೇ ಮರೆಮಾಡಬೇಕಾದಲ್ಲಿ ವಿನಿಯರಿಗೆ ಅರ್ಥವಿದೆ ಎಂದು ನಾನೇ ಅವಳಿಗೆ ಹೇಳಿದ್ದೇನೆ. ಇನ್ನು ಮೂಲೆ ಮುಕ್ಕಾದ ಗಟ್ಟಿ ಹಲ್ಲಿಗೆ ಕ್ಯಾಪ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಅದಕ್ಕೆ ಸುತ್ತಲೂ ಸವೆಸಬೇಕು.

ನನ್ನ ಎಡಗಡೆಯ ವಿನಿಯರಿನ ಒಸಡಿನಂಚಿನಲ್ಲಿ ಈಗ ಸಣ್ಣ ಗೆರೆ ಕಾಣತೊಡಗಿದೆ. ಇನ್ನೆರಡು ವರ್ಷದಲ್ಲಿ ಬದಲಿಸಬೇಕಾದೀತು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದರ ಜಾಗದಲ್ಲಿ ಬಾಂಡಿಂಗ್ ಮಾಡಬಹುದೇ ಎಂದು ಕೇಳಿದೆ. ಮಾಡಬಹುದು, ಆದರೆ ಮೂಲೆಗಷ್ಟೇ ಸಾಲದು, ಸವೆಸಿದ ಮೈಯನ್ನೆಲ್ಲ ಮುಚ್ಚಬೇಕು ಎಂದರು.