ಜಗತ್ ಸರ್ಕಲ್ ಹತ್ತಿರದ ಝೆರಾಕ್ಸ್ ಅಂಗಡಿ: ಮಾಜಿ ಸೈನಿಕರ ಲೈಫ್ ಸರ್ಟಿಫಿಕೇಟ್ ಇಲ್ಲಿ ಫ್ರೀ

ಕಲಬುರಗಿಯಲ್ಲಿ ಮಿಲಿಟರಿ ಪಿಂಚಣಿ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ಒಳಗಿನ ಓಣಿಯಲ್ಲಿ ಒಂದು ಚಿಕ್ಕ ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ. ಹೆಸರು ಹಾಕಬೇಡಿ, ಈಗಲೇ ರಶ್ ಜಾಸ್ತಿ ಅಂತ ಅಂಗಡಿಯವರೇ ಹೇಳಿದ್ದಾರೆ, ಅದಕ್ಕೆ ಹಾಕಿಲ್ಲ. ಪಹಣಿ, ಜಾತಿ-ಆದಾಯ, ಪ್ಯಾನ್ ಕಾರ್ಡ್ ಎಂಬ ಬೋರ್ಡಿನ ಕೆಳಗೆ ಒಂದು ಹಾಳೆಯಲ್ಲಿ ಸ್ಕೆಚ್ ಪೆನ್ನಿಂದ ಬರೆದಿದ್ದಾರೆ: ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಲೈಫ್ ಸರ್ಟಿಫಿಕೇಟ್ ಫ್ರೀ.

ನಾನು ಹೋಗಿದ್ದು ನಮ್ಮ ಕಾಕಾನ ಜೊತೆ. ಚಿತ್ತಾಪುರ ಕಡೆಯ ಹಳ್ಳಿ, ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು, ಈಗ ಹೊಲ ನೋಡಿಕೊಂಡಿದ್ದಾರೆ. ಅವರ ಪಿಂಚಣಿ ನಿಂತುಹೋಗಿತ್ತು. ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕಲ್ಲ, ಅದನ್ನು ಬೇರೊಂದು ಕಡೆ ದುಡ್ಡು ಕೊಟ್ಟು ಮಾಡಿಸಿಯೇ ಇದ್ದರು, ಕೈಯಲ್ಲಿ ಚೀಟಿಯೂ ಇತ್ತು, ಆದರೂ ಖಾತೆಗೆ ದುಡ್ಡು ಬರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು.

ಈ ಅಂಗಡಿಯ ಹುಡುಗ ಆ ಚೀಟಿ ನೋಡಿದ ಕೂಡಲೇ ತಪ್ಪು ಎಲ್ಲಿದೆ ಅಂತ ಹೇಳಿದ. ಸೈನ್ಯದ ಪಿಂಚಣಿ ಈಗ ಬ್ಯಾಂಕಿನಿಂದ ಲೆಕ್ಕ ಹಾಕಿ ಬರುವುದಿಲ್ಲ, ಸ್ಪರ್ಶ್ ಎಂಬ ವ್ಯವಸ್ಥೆಯಿಂದ ನೇರವಾಗಿ ಬರುತ್ತದೆ. ಲೈಫ್ ಸರ್ಟಿಫಿಕೇಟನ್ನು ಆನ್‌ಲೈನ್ ಮಾಡುವ ಸರ್ಕಾರದ ವ್ಯವಸ್ಥೆ ಜೀವನ್ ಪ್ರಮಾಣ್‌ನಲ್ಲಿ ಪಿಂಚಣಿ ಕೊಡುವವರು ಯಾರು ಅಂತ ಕೇಳುವ ಕಡೆ ಸ್ಪರ್ಶ್ ಅಂತಲೇ ಆರಿಸಬೇಕು. ಹಿಂದೆ ಮಾಡಿಕೊಟ್ಟವರು ಬ್ಯಾಂಕಿನ ಹೆಸರು ಒತ್ತಿದ್ದರು. ಪಿಪಿಒ, ಅಂದರೆ ಪಿಂಚಣಿ ಆದೇಶದ ನಂಬರ್ ಕೂಡ ಹಳೆಯದೇ ಹಾಕಿದ್ದರು. ಅಂದರೆ ಸರ್ಟಿಫಿಕೇಟ್ ಆಗಿತ್ತು, ಹೋಗಬೇಕಾದ ಜಾಗಕ್ಕೆ ಹೋಗಿರಲಿಲ್ಲ, ಅಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಪಾಪ ಎಷ್ಟು ಜನ ಓಡಾಡುತ್ತಿರಬಹುದು ನೋಡಿ.

ಆಮೇಲೆ ಶುರುವಾಯಿತು ಬೆರಳಿನ ಕಥೆ. ಕುರ್ಪಿ ಹಿಡಿದು ಹಿಡಿದು ಕಾಕಾನ ಬೆರಳಿನ ಗೆರೆ ಸವೆದಿವೆ. ಹೆಬ್ಬೆರಳು ಇಟ್ಟರೆ ಕೆಂಪು ಲೈಟು, ಒರೆಸಿ ಇಟ್ಟರೂ ಕೆಂಪು. ಬೇರೆ ಕಡೆಯಾಗಿದ್ದರೆ ಆಧಾರ್ ಸೆಂಟರಿಗೆ ಹೋಗಿ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ ಅಂತ ಕಳಿಸುತ್ತಿದ್ದರು. ಇವನು ತನ್ನ ಮೊಬೈಲ್ ತೆಗೆದು ಮುಖ ನೋಡಿ ಗುರುತಿಸುವ ಆಪ್ ಹಚ್ಚಿದ. ಅದರಲ್ಲಿ ಕಣ್ಣು ಮಿಟುಕಿಸಬೇಕು. ನಮ್ಮ ಕಾಕಾ ಕ್ಯಾಮೆರಾ ಕಂಡ ತಕ್ಷಣ ಎದ್ದು ಸಾವಧಾನದಲ್ಲಿ ನಿಂತುಬಿಟ್ಟರು, ರೆಪ್ಪೆ ಅಲುಗಾಡಿಸಲಿಲ್ಲ. "ಕಾಕಾ, ಇದು ಪರೇಡ್ ಅಲ್ರಿ, ಕಣ್ಣು ಮುಚ್ಚಿ ತಗೀರಿ" ಅಂದ ಹುಡುಗ. ಹಿಂದೆ ಕ್ಯೂನಲ್ಲಿದ್ದವರೆಲ್ಲ ನಕ್ಕರು, ಕಾಕಾನೂ ನಕ್ಕರು, ಫೋನು ಅದನ್ನೇ ಹಿಡಿದುಕೊಂಡಿತು. ಆಮೇಲೆ ನಿಂತುಹೋಗಿದ್ದ ಪಿಂಚಣಿ ಬಾಕಿ ಸಮೇತ ಬಂತು.

ನನಗೆ ಇಷ್ಟವಾಗಿದ್ದು ಇದಕ್ಕಿಂತ ಅದರ ನಂತರದ್ದು. ಕೆಲಸ ಮುಗಿದಿತ್ತು, ನಾವು ಎದ್ದಿದ್ದೆವು. ಅಂಗಡಿ ಮಾಲೀಕರು ತಾವಾಗಿಯೇ ಕೇಳಿದರು: "ಕಾಕಿ ಹೆಸರು ನಿಮ್ಮ ರೆಕಾರ್ಡ್‌ನಾಗ ಹೆಂಗದ, ಆಧಾರ್‌ನಾಗ ಹೆಂಗದ?" ತೆಗೆದು ನೋಡಿದರೆ ಒಂದರಲ್ಲಿ ಮಹಾದೇವಿ, ಇನ್ನೊಂದರಲ್ಲಿ ಮಹಾದೇವಮ್ಮ. ಕಾಕಾ ಇದ್ದಾಗಲೇ ಇದು ಸರಿಯಾಗದಿದ್ದರೆ ನಾಳೆ ಕಾಕಿಗೆ ಫ್ಯಾಮಿಲಿ ಪಿಂಚಣಿ ಬರುವಾಗ ಇದೇ ಅಡ್ಡ ಬರುತ್ತದೆ, ಆಗ ಆಕೆ ಯಾರನ್ನು ಕೇಳಬೇಕು? ಕಾಕಾನ ಸೇವೆಯ ದಾಖಲೆ ಇಡುವ ಸೈನ್ಯದ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲಿದೆ. ಅಲ್ಲಿಗೆ ಕಳಿಸುವ ಅರ್ಜಿ, ಅಫಿಡವಿಟ್ ಎಲ್ಲ ಇಲ್ಲೇ ಟೈಪ್ ಮಾಡಿಕೊಟ್ಟರು. ಇದು ಫ್ರೀ ಅಲ್ಲ, ಟೈಪಿಂಗ್‌ಗೆ ಎಲ್ಲರಿಗೂ ತಗೊಳ್ಳುವಷ್ಟೇ ತಗೊಂಡರು. ತಗೊಳ್ಳಲಿ ಬಿಡಿ. ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಆಗಸ್ಟ್ 15, ಜನವರಿ 26 ಬಂದರೆ ಕಾಕಾನಿಗೆ ಒಂದು ಶಾಲು, ಒಂದು ಹಾರ ಗ್ಯಾರಂಟಿ. ಮನೆಯ ಟ್ರಂಕಿನಲ್ಲಿ ಶಾಲುಗಳು ಮಡಚಿದ್ದು ಮಡಚಿದಂತೆಯೇ ಬಿದ್ದಿವೆ. ಒಂದು ಹೋಟೆಲ್‌ನವರು ಮಾಜಿ ಸೈನಿಕರಿಗೆ ಊಟ ಉಚಿತ ಅಂತ ಕರೆದು, ತಾಟಿಗೆ ಬಡಿಸುವ ಮುಂಚೆ ಬ್ಯಾನರ್ ಮುಂದೆ ನಿಲ್ಲಿಸಿ ಫೋಟೊ ತೆಗೆದರು, ರೊಟ್ಟಿ ಬರುವ ಹೊತ್ತಿಗೆ ತಣ್ಣಗಾಗಿತ್ತು. ಈ ಅಂಗಡಿಯಲ್ಲಿ ಯಾರೂ ಸೆಲ್ಫಿ ಕೇಳಲಿಲ್ಲ. ಯಾಕೆ ಫ್ರೀ ಮಾಡುತ್ತೀರಿ ಅಂತ ಕೇಳಿದೆ. "ಐದು ನಿಮಿಷದ ಕೆಲಸ, ಅದಕ್ಕೇನ್ ತಗೊಳ್ಳೋದ್ರಿ" ಅಂದು ಮುಂದಿನವರ ಆಧಾರ್ ಕೈಗೆ ತಗೊಂಡರು.

ತೊಂದರೆಗಳೂ ಇವೆ. ಕೂರಲು ಒಂದೇ ಬೆಂಚು, ಅದರ ಮೇಲೂ ಅರ್ಧ ಪೇಪರ್ ಬಂಡಲ್. ಮೊಣಕಾಲು ನೋವಿರುವವರಿಗೆ ಮುಂದಿನ ಮೆಟ್ಟಿಲು ಎತ್ತರ. ಕರೆಂಟ್ ಹೋದರೆ ಯುಪಿಎಸ್ ಸ್ವಲ್ಪ ಹೊತ್ತಷ್ಟೇ. ಪ್ರಿಂಟ್‌ಗೆ ದುಡ್ಡು ಬೇರೆ, ಅದನ್ನು ಬೋರ್ಡಿನಲ್ಲೇ ಬರೆದರೆ ಒಳ್ಳೆಯದು, ಒಬ್ಬರು ಅದಕ್ಕೇ ಜಗಳ ತೆಗೆದಿದ್ದರು. ಮಾಲೀಕರು ಇಲ್ಲದಾಗ ಹೋದರೆ ಹುಡುಗ ಲೈಫ್ ಸರ್ಟಿಫಿಕೇಟ್ ಮಾಡುತ್ತಾನೆ, ಅರ್ಜಿ ಗಿರ್ಜಿ ಅಂದರೆ ನಾಳೆ ಬನ್ನಿ ಅನ್ನುತ್ತಾನೆ.

ಮನೆಗೆ ಬಂದು ಮಾಡಿಕೊಡುವುದಿಲ್ಲ. ಹಾಸಿಗೆ ಹಿಡಿದವರಿದ್ದರೆ ನಿಮ್ಮ ಪೋಸ್ಟ್‌ಮ್ಯಾನ್‌ಗೆ ಹೇಳಿ, ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್‌ನವರು ಮನೆ ಬಾಗಿಲಿಗೇ ಬಂದು ಮಾಡುತ್ತಾರೆ, ಅದಕ್ಕೆ ಚಾರ್ಜ್ ಇದೆ. ಮನೆಯಲ್ಲಿ ಒಳ್ಳೆಯ ಮೊಬೈಲ್ ಇದ್ದು ತಿಳಿದ ಹುಡುಗರಿದ್ದರೆ ಅಂಗಡಿಗೇ ಹೋಗಬೇಕಾಗಿಲ್ಲ, ಮುಖದ ಆಪ್‌ನಲ್ಲಿ ನೀವೇ ಮಾಡಬಹುದು, ಸ್ಪರ್ಶ್ ಆರಿಸುವುದನ್ನು ಮಾತ್ರ ಮರೆಯಬೇಡಿ.

ಹೋಗುವುದಾದರೆ ಆಧಾರ್, ಸ್ಪರ್ಶ್‌ನ ಹೊಸ ಪಿಪಿಒ, ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್ ಇಷ್ಟು ಇರಲಿ. ಒಟಿಪಿ ಮೊಬೈಲ್ ಮಗನ ಹತ್ತಿರ ಪುಣೆಯಲ್ಲಿದ್ದರೆ ಕಷ್ಟ, ನಮ್ಮ ಮುಂದಿನವರಿಗೆ ಅದೇ ಆಯಿತು. ನವೆಂಬರ್‌ನಲ್ಲಿ ಬೇರೆ ಪಿಂಚಣಿಯವರೂ ಬರುತ್ತಾರೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಡಿಮೆ ಆ ಬೆಂಚಿಗೆ.